ಅಂಗಾಲಿನ ಹುಣ್ಣು

ಚಿತ್ತಮ್ಮನಿಗೆ ಸಿಟ್ಟು ಬಂದರೆ ಓಣಿಯ ಹೊಲಿಗೆ ಯಂತ್ರಗಳ ಸದ್ದೂ ಅಡಗಿಹೋಗುತ್ತದೆ ಎಂದು ರಾಯದುರ್ಗದ ಆ ಕೇರಿಯವರು ಆಡಿಕೊಳ್ಳುತ್ತಾರೆ. ಬೆಟ್ಟದ ಕೋಟೆಯ ಬುಡದಲ್ಲಿ, ಮನೆಗೆರಡರಂತೆ ಯಂತ್ರ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುವ ಓಣಿ ಅದು. ಅಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಆದರೆ ಚಿತ್ತಮ್ಮ ಜೋರು ಮಾಡಿದ್ದು ಅದಕ್ಕಲ್ಲ. ಅವಳಿಗೆ ಯಾಕಷ್ಟು ಸಿಟ್ಟು ಎಂದು ಕೇಳುವವರು ಅವಳ ಗಂಡ ಗೋಪಣ್ಣನ ಬಲಗಾಲನ್ನು ಒಮ್ಮೆ ನೋಡಿಕೊಂಡು ಬಂದು ಆಮೇಲೆ ಕೇಳಲಿ.

ಅವಳ ತವರು ಮಡಕಶಿರಾ ಕಡೆ, ಅಗಳಿ ಪಕ್ಕದ ಒಂದು ಹಳ್ಳಿ. ಕುರಿ ಸಾಕುವ ಮನೆ. ಹುಡುಗಿಯಾಗಿದ್ದಾಗ ಕುರಿಯ ಹಿಂದೆ ಹೇಮಾವತಿ ಕಡೆಯ ಬಯಲಿನವರೆಗೂ ಬರಿಗಾಲಲ್ಲಿ ಅಲೆದವಳು. ಜಾಲಿಮುಳ್ಳು ಚುಚ್ಚಿದರೆ ಕೂತಲ್ಲೇ ಇನ್ನೊಂದು ಮುಳ್ಳಿನಿಂದ ತೆಗೆದು, ಎಕ್ಕದ ಹಾಲು ಹಚ್ಚಿ ಮುಂದೆ ನಡೆಯುವುದು. ಅವಳ ತಾಯಿ ಪಾಲಮ್ಮನಿಗಂತೂ ಕೈಬೆರಳಿನಿಂದ ತಡವಿದರೆ ಸಾಕು, ಮುಳ್ಳು ಎಲ್ಲಿ ಮುರಿದು ಕೂತಿದೆ ಎಂದು ಗೊತ್ತಾಗುತ್ತಿತ್ತು. ಚಿತ್ತಮ್ಮ ಮೊದಲ ಸಲ ಚಪ್ಪಲಿ ಮೆಟ್ಟಿದ್ದು ಮದುವೆಯಲ್ಲಿ. ಕಾಲು ಕಚ್ಚಿತು, ಬೊಬ್ಬೆ ಬಂತು, ಆದರೂ ಬಿಚ್ಚಲಿಲ್ಲ. ಚಪ್ಪಲಿ ಮೆಟ್ಟುವ ಕಾಲ ತನಗೂ ಬಂತಲ್ಲ ಎಂಬ ಹಿಗ್ಗು ಅವಳದು.

ಗೋಪಣ್ಣ ರಾಯದುರ್ಗದವನು. ಕಟಿಂಗ್ ಮಾಸ್ಟರ್. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ ಕಲಿತು, ಊರಿನಲ್ಲೇ ಜೀನ್ಸ್ ಕೆಲಸ ಜೋರಾದಾಗ ವಾಪಸು ಬಂದವನು. ಗಂಡ ಕತ್ತರಿಸುವುದು, ಹೆಂಡತಿ ಹೊಲಿಯುವುದು, ಇಬ್ಬರೂ ಕೂಲಿಗೆ ಹೋಗುವುದು ಒಂದೇ ಯೂನಿಟ್ಟಿಗೆ, ಅಂದರೆ ಒಂದೇ ಜೀನ್ಸ್ ಕಾರ್ಖಾನೆಗೆ. ಮಾತು ಮಾತ್ರ ಬೇರೆ ಬೇರೆ. ಅವನು "ಯಾಕ" ಅಂದರೆ ಇವಳು "ಯಾಕೆ" ಅನ್ನುತ್ತಾಳೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡರೂ ಅವಳು ತನ್ನ ಮಡಕಶಿರಾ ಕಡೆಯ ಮಾತು ಬಿಟ್ಟುಕೊಟ್ಟಿಲ್ಲ.

ಕಟಿಂಗ್ ಮಾಸ್ಟರನ ಬದುಕೆಂದರೆ ನಿಂತೇ ಕಳೆಯುವ ಬದುಕು. ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮಿಷನ್ನು ಹಿಡಿದು ಬೆಳಗಿನಿಂದ ಸಂಜೆಯವರೆಗೆ ನಿಲ್ಲಬೇಕು. ಅದೂ ಬರಿಗಾಲಲ್ಲಿ. ಬಟ್ಟೆ ಅನ್ನ ಕೊಡುವ ಲಕ್ಷ್ಮಿ, ಅದರ ಮುಂದೆ ಚಪ್ಪಲಿ ಹಾಕಬಾರದೆಂದು ಎಲ್ಲರೂ ಬಾಗಿಲಾಚೆಯೇ ಬಿಟ್ಟು ಒಳಗೆ ಹೋಗುತ್ತಾರೆ. ಗೋಪಣ್ಣನಿಗೆ ಶುಗರ್ ಬಂದು ಅಂಗಾಲು ಉರಿಯತೊಡಗಿದಾಗಲೂ ಅವನು ಹಾಗೇ ನಿಂತ. ಮನೆಗೆ ಬಂದು ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂರುತ್ತಿದ್ದ. ಡಾಕ್ಟರ ಮಾತ್ರೆ ನುಂಗುತ್ತಿದ್ದ. ಹೇಗೋ ನಡೆಯುತ್ತಿತ್ತು.

ಅಷ್ಟರಲ್ಲಿ ಯೂನಿಟ್ಟಿನ ಮ್ಯಾನೇಜರ್ ರಂಗನಾಥ್ ಎಲ್ಲೋ ಒಂದು ಶಿಬಿರಕ್ಕೆ ಹೋಗಿ ಬಂದ. ಹೋಗುವಾಗ ಮ್ಯಾನೇಜರ್ ಆಗಿದ್ದವನು ಬರುವಾಗ ವೈದ್ಯನಾಗಿದ್ದ. ಭೂಮಿಯಲ್ಲಿ ಒಂದು ಶಕ್ತಿ ಇದೆಯಂತೆ, ರಬ್ಬರಿನ ಚಪ್ಪಲಿ ಅದನ್ನು ತಡೆಯುತ್ತದಂತೆ, ಬರಿಗಾಲನ್ನು ಮಣ್ಣಿಗೆ ತಾಗಿಸಿದರೆ ಮೈಯೊಳಗಿನ ರೋಗವೆಲ್ಲ ನೆಲಕ್ಕೆ ಇಳಿದುಹೋಗುತ್ತದಂತೆ. ನೋವು, ಬಿ.ಪಿ., ಶುಗರ್, ನಿದ್ದೆಗೇಡು ಎಲ್ಲಕ್ಕೂ ಒಂದೇ ಮದ್ದು. ಆಂಧ್ರದ ಗಡಿಯ ಊರಲ್ಲವೇ, ತೆಲುಗಿನವರಿಗೆ ಭೂಮಿ ತಲ್ಲಿ ಎಂದ, ಕನ್ನಡದವರಿಗೆ ಭೂಮಿತಾಯಿ ಎಂದ. ದಿನಾ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಯೂನಿಟ್ಟಿನ ಹಿಂದಿನ ಖಾಲಿ ಜಾಗದಲ್ಲಿ ಬರಿಗಾಲಲ್ಲಿ ಅರ್ಧ ಗಂಟೆ ನಡೆಯಬೇಕೆಂದು ಕಟ್ಟುಪಾಡು ಮಾಡಿದ.

ಆ ಹಿಂದಿನ ಜಾಗ ಎಂಥದ್ದು ಎಂಬುದನ್ನೂ ಹೇಳಬೇಕು. ಪ್ಯಾಂಟು ತೊಳೆದ ನೀಲಿ ನೀರು ಹರಿದು ಮಣ್ಣು ನವಿಲುಗತ್ತಿನ ಬಣ್ಣಕ್ಕೆ ತಿರುಗಿದ್ದ ಜಾಗ. ಮುರಿದ ಸೂಜಿ, ಸೊಟ್ಟಗಾದ ಗುಂಡಿ, ಕಸ ಎಲ್ಲವನ್ನೂ ಗುಡಿಸಿ ಎಸೆಯುತ್ತಿದ್ದದ್ದು ಅಲ್ಲಿಗೇ. ಭೂಮಿತಾಯಿಯ ಮೈಮೇಲೆ ಕಸ ಸುರಿದವರೇ ಅವಳ ಮಡಿಲಲ್ಲಿ ಕಾಲಿಡಿ ಎಂದು ಬೋಧನೆ ಮಾಡಿದರು. ಆಸ್ಪತ್ರೆಗೆ ಹೋಗಬೇಕು, ರಜ ಕೊಡಿ ಎಂದು ಯಾರಾದರೂ ಕೇಳಿದರೆ ರಂಗನಾಥನ ಬಾಯಲ್ಲಿ ಸಿದ್ಧ ಉತ್ತರ: "ಮೊದ್ಲು ಮಣ್ಣಾಗ ನಿಂತು ನೋಡ್ರಿ, ಆಮ್ಯಾಲ ರಜಾ." ಮಾಲೀಕನಿಗೆ ಈ ವೈದ್ಯ ಬಲು ಹಿಡಿಸಿಬಿಟ್ಟ. ಹಿಡಿಸದೆ ಏನು?

ಚಿತ್ತಮ್ಮ ಎರಡು ದಿನ ನಡೆದು ಮೂರನೆಯ ದಿನ ನಿಲ್ಲಿಸಿದಳು. "ನಾನು ಹುಟ್ಟಿದಾಗಿಂದ ಮಣ್ಣಲ್ಲೇ ಬೆಳೆದೋಳು. ನಿಮ್ಮ ಮಣ್ಣು ನಂಗೆ ಬ್ಯಾಡ" ಎಂದಳು. ಮಣ್ಣೆಂದರೆ ಅವಳಿಗೆ ಆಗದು ಅಂತಲ್ಲ. ಇಂದಿಗೂ ತವರಿಗೆ ಹೋದರೆ ಹೊಲದ ಬದುವಿನ ಹತ್ತಿರ ಚಪ್ಪಲಿ ಬಿಟ್ಟು, ಉತ್ತ ನೆಲದ ತಂಪಿನಲ್ಲಿ ಕಾಲು ಹೂತು ನಿಲ್ಲುವುದು ಅವಳಿಗೆ ಬಲು ಪ್ರೀತಿ. ಆದರೆ ಪ್ರೀತಿಯನ್ನು ಮದ್ದು ಎಂದು ಮಾರುವವನನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು.

ಗೋಪಣ್ಣ ಮಾತ್ರ ಬಿಡಲಿಲ್ಲ. ಬೆಳಗಿನ ಗಾಳಿ, ನಾಲ್ಕು ಜನರ ಜೊತೆ ನಡಿಗೆ, ನಗೆಮಾತು. ಒಳ್ಳೆಯ ನಿದ್ದೆ ಬರತೊಡಗಿತು. ಅದು ನಿಜ, ಚಿತ್ತಮ್ಮನೂ ಇಲ್ಲವೆನ್ನುವುದಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ಅವನು ಮನೆಗೆ ಬಂದು ಬಕೆಟ್ಟು ಕೇಳಲಿಲ್ಲ.

"ಉರಿ ಹೋಗೈತಿ ನೋಡು," ಎಂದ. ಮುಖ ಅರಳಿತ್ತು. "ಪೂರ್ತಿ ಹೋಗೈತಿ. ಬೆಂಕಿ ಇಟ್ಟಂಗ ಇರ್ತಿತ್ತಲ್ಲ, ಈಗ ಏನೂ ಇಲ್ಲ."

"ಮಾತ್ರೆ ಕೆಲಸ ಮಾಡೈತೆ ಬಿಡ್ರಿ."

"ಮಾತ್ರಿ ಬಿಟ್ಟು ತಿಂಗಳಾತು."

ಆವತ್ತು ಅವಳು ಪಾತ್ರೆ ಎತ್ತಿ ಕುಕ್ಕಿದ ಸದ್ದಿಗೆ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಓಡಿ ಬಂದಳು. ಎಷ್ಟು ಬೈದರೂ ಗೋಪಣ್ಣ ನಗುತ್ತಲೇ ಇದ್ದ. ಉರಿ ಹೋದವನಿಗೆ ಬೈಗುಳ ತಾಗುತ್ತದೆಯೇ? ಮಾರನೆಯ ದಿನ ರಂಗನಾಥ್ ಅವನನ್ನು ಹಿಂದಿನ ಜಾಗದಲ್ಲಿ ನಿಲ್ಲಿಸಿ ಫೋನಿನಲ್ಲಿ ವಿಡಿಯೊ ಹಿಡಿದ. ಗೋಪಣ್ಣ ಇಸ್ತ್ರಿ ಅಂಗಿ ತೊಟ್ಟು, ಕ್ರಾಪು ತೀಡಿಕೊಂಡು, ಕೈ ಮುಗಿದು ಹೇಳಿದ: "ನನಗ ಶುಗರ್ ಇತ್ರಿ. ಕಾಲು ಉರೀತಿದ್ವು. ಭೂಮಿತಾಯಿ ಕಾಲು ಹಿಡಕೊಂಡೆ, ವಾಸಿ ಆತ್ರಿ. ನೀವೂ ಚಪ್ಲಿ ಬಿಡ್ರಿ." ಆ ವಿಡಿಯೊ ಫೋನಿನಿಂದ ಫೋನಿಗೆ ಹಾರಿತು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ಅವನನ್ನು ಮಾತಾಡಿಸತೊಡಗಿದರು. ಹುಟ್ಟಿದಾಗಿನಿಂದ ಯಾರೂ ಕಿವಿಗೊಡದವನ ಮಾತನ್ನು ಊರೇ ಕೇಳಿದರೆ ಅವನಿಗಾದರೂ ತಲೆ ನಿಲ್ಲುವುದು ಹೇಗೆ?

ಒಂದು ಭಾನುವಾರ ಚಿತ್ತಮ್ಮ ಮನೆ ಒರೆಸಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಗೋಪಣ್ಣ ಹೊರಗಿನಿಂದ ಬಂದು ಒಳಗೆ ಹೋಗಿ ಮಂಚದ ಮೇಲೆ ಕೂತ. ಒರೆಸಿದ ನೆಲದ ಮೇಲೆ ಬಾಗಿಲಿನಿಂದ ಮಂಚದವರೆಗೆ ಹೆಜ್ಜೆಗೊಂದು ಕೆಂಪು ಕಲೆ.

"ಏನ್ರೀ ಇದು? ರಕ್ತ!"

"ಎಲ್ಲಿ? ಯಾರದು?" ಎಂದು ಅವನೂ ಸುತ್ತ ನೋಡಿದ.

ಅವಳು ಹೋಗಿ ಅವನ ಬಲಗಾಲು ಎತ್ತಿದಳು. ಜೀನ್ಸಿನ ಜೇಬಿನ ಮೂಲೆಗೆ ಹೊಡೆಯುವ ತಾಮ್ರದ ಗುಂಡಿಗೆ ಹಿಂದೆ ಮೊಳೆಯಂಥ ಮೊನೆ ಇರುತ್ತದೆ. ಆ ಮೊನೆ ಹೆಬ್ಬೆರಳ ಬುಡದಲ್ಲಿ ಪೂರ್ತಿ ಇಳಿದು, ಗುಂಡಿ ಮಾತ್ರ ಹೊರಗೆ ಹೊಳೆಯುತ್ತಿತ್ತು. ಸುತ್ತ ಬೆಳ್ಳಗೆ ಕೀವು. ಚುಚ್ಚಿ ಎಷ್ಟು ದಿನವಾಗಿತ್ತೋ. ಅವಳು ಹಲ್ಲು ಕಚ್ಚಿ ಅದನ್ನು ಕಿತ್ತಳು. ಗೋಪಣ್ಣ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ, "ಬಂತೇನು?" ಎಂದು ಕೇಳಿದ.

ಚಿತ್ತಮ್ಮ ಕಿತ್ತ ಗುಂಡಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಲ್ಲಿನಂಥ ಅಂಗಾಲಿದ್ದ ಕುರಿ ಕಾಯುವವರೂ ಮುಳ್ಳು ಕೀಳುವಾಗ ಅವ್ವಾ ಎನ್ನುತ್ತಿದ್ದರು. ಇವನಿಗೆ ಉರಿ ಹೋಗಿರಲಿಲ್ಲ. ಕಾಲೇ ಸತ್ತುಹೋಗಿತ್ತು. ಸತ್ತದ್ದನ್ನು ವಾಸಿಯಾಯಿತು ಎಂದು ಇವರೆಲ್ಲ ಸೇರಿ ಊರಿಗೆ ಸಾರಿಬಿಟ್ಟಿದ್ದರು.

"ಏಳ್ರಿ, ಬಳ್ಳಾರಿಗೆ ಹೋಗಾನ," ಎಂದಳು. ಅವನು ಏಳಲಿಲ್ಲ. ವಿಡಿಯೊದಲ್ಲಿ ಕೈಮುಗಿದು ವಾಸಿಯಾಯಿತು ಎಂದವನು ಯಾವ ಮುಖ ಇಟ್ಟುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು? ಅವನು ರಂಗನಾಥನಿಗೆ ಫೋನು ಮಾಡಿದ. ರಂಗನಾಥ್ ಅಲ್ಲಿಂದಲೇ ಮದ್ದು ಹೇಳಿದ: "ನಡದ್ರ ಸಾಲಲ್ಲ ಗೋಪಣ್ಣ. ಇಡೀ ಮೈ ಮಣ್ಣಿಗೆ ಕೊಡು. ಬರೀ ನೆಲದ ಮ್ಯಾಲ ಮಲಕ್ಕೊ, ಗಾಯಕ್ಕ ಮಣ್ಣು ಮೆತ್ತು. ಕೀವೆಲ್ಲ ಭೂಮಿ ಎಳ್ಕೊಂತೈತಿ."

ಗೋಪಣ್ಣ ಅಂಗಳದಲ್ಲಿ ಚಾಪೆಯೂ ಇಲ್ಲದೆ ಬರೀ ನೆಲದ ಮೇಲೆ ಮಲಗಿದ. ಹೆಂಡತಿ ಗೋಗರೆದಳು, ಬೈದಳು, ಅತ್ತಳು. ಅವನು ಜಗ್ಗಲಿಲ್ಲ. ಎರಡು ದಿನದಲ್ಲಿ ಜ್ವರ ಏರಿತು. ಮೆತ್ತಿದ ಮಣ್ಣಿನ ಅಡಿಯಿಂದ ನಾತ ಬರತೊಡಗಿತು. ಬಂದು ನೋಡಿದವರು ಒಂದೊಂದು ಮಾತು ಹೇಳಿ ಹೋದರೇ ಹೊರತು ಅವನನ್ನು ಎಬ್ಬಿಸುವವರು ಒಬ್ಬರೂ ಹುಟ್ಟಲಿಲ್ಲ.

ಮೂರನೆಯ ದಿನ ದೀಪ ಹಚ್ಚುವ ಹೊತ್ತು. ಚಿತ್ತಮ್ಮ ಒಳಗಿನಿಂದ ಒಂದು ಚೊಂಬು ನೀರು, ಒಂದು ಹಣತೆ ತಂದಳು. ಅವರ ಕಡೆ ಮನುಷ್ಯನನ್ನು ಮಂಚದಿಂದ ಬರೀ ನೆಲಕ್ಕೆ ಇಳಿಸುವುದು ಒಂದೇ ಸಲ, ಜೀವ ಹೋಗುವಾಗ. ಮಂಚದ ಮೇಲೆ ಪ್ರಾಣ ಬಿಡಬಾರದೆಂದು ಇಳಿಸಿ, ಬಾಯಿಗೆ ನೀರು ಬಿಟ್ಟು, ಹೋದ ಮೇಲೆ ತಲೆಯ ಹತ್ತಿರ ದೀಪ ಇಡುತ್ತಾರೆ. ಇದು ಗೊತ್ತಿಲ್ಲದ ಕೂಸು ಆ ಓಣಿಯಲ್ಲಿ ಇರಲಿಲ್ಲ. ಚಿತ್ತಮ್ಮ ಗಂಡನ ತಲೆಯ ಹತ್ತಿರ ಹಣತೆ ಇಟ್ಟು ಬತ್ತಿ ಹಚ್ಚಿದಳು.

"ಅಯ್ಯೋ! ಏನ್ ಮಾಡಾಕತ್ತಿಯವ್ವ ಚಿತ್ತಮ್ಮ? ಮುತ್ತೈದಿ ಮಾಡೋ ಕೆಲಸೇನ ಇದು?" ದ್ರಾಕ್ಷಾಯಣಮ್ಮ ಎದೆ ಹೊಡೆದುಕೊಂಡಳು. ಓಣಿಯ ಯಂತ್ರಗಳು ಒಂದೊಂದಾಗಿ ನಿಂತವು. ಜನ ಬಾಗಿಲಿಗೆ ಬಂದರು.

"ನಮ್ಮಲ್ಲಿ ನೆಲಕ್ಕೆ ಇಳಿದೋರಿಗೆ ಮಾಡೋದೇ ಇದು," ಎಂದಳು ಚಿತ್ತಮ್ಮ. ದನಿ ಇಡೀ ಓಣಿಗೆ ಕೇಳಿಸುತ್ತಿತ್ತು. "ಅವ್ರೇ ಇಳಿದವ್ರೆ. ನಾನೇನು ಇಳಿಸಿಲ್ಲ. ಬಾಯಿ ತೆಗೀರಿ, ನೀರು ಬಿಡ್ತೀನಿ. ಇವತ್ತು ಬಿಟ್ರೂ ಒಂದೇ, ನಾಡಿದ್ದು ಬಿಟ್ರೂ ಒಂದೇ. ಬಾಯಿ ತೆಗೀರಿ ಅಂದೆ!"

ಗೋಪಣ್ಣ ಕಣ್ಣು ಬಿಟ್ಟ. ತಲೆಯ ಪಕ್ಕದಲ್ಲಿ ದೀಪ, ಮೇಲೆ ಚೊಂಬು ಹಿಡಿದ ಹೆಂಡತಿ, ಸುತ್ತ ಓಣಿಯ ಜನ. ಭೂಮಿತಾಯಿ ಮೂರು ದಿನದಲ್ಲಿ ಮಾಡಲಾಗದ್ದನ್ನು ಆ ಹಣತೆ ಮಾಡಿತು. ಅವನು ಮೊಳಕೈ ಊರಿ ಎದ್ದು ಕೂತು, ಮಗುವಿನ ಹಾಗೆ ಅತ್ತುಬಿಟ್ಟ. "ಆಟೋ ಕರೀರಿ," ಎಂದ. ಆವತ್ತೇ ಬಳ್ಳಾರಿ ಸೇರಿದರು.

ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಹೋದವು. ಇನ್ನೊಂದೆರಡು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರಮ್ಮ. ಚಿತ್ತಮ್ಮ ಅವರನ್ನೂ ಬಿಡಲಿಲ್ಲ. "ಮಣ್ಣಲ್ಲಿ ಏನಾದ್ರೂ ಐತಾ ಇಲ್ವಾ, ನೀವಾದ್ರೂ ನೆಟ್ಟಗೆ ಹೇಳಿ ತಾಯಿ," ಎಂದಳು.

ಆಕೆ ಬೇಸರಿಸದೆ ಹೇಳಿದರು. "ಬರಿಗಾಲಲ್ಲಿ ನಡದ್ರ ನೋವು ಕಮ್ಮಿ ಆತು, ನಿದ್ದಿ ಬಂತು ಅಂತ ಹೇಳೋರು ಅದಾರಮ್ಮ. ಸಣ್ಣಪುಟ್ಟ ಪರೀಕ್ಷೆನೂ ಮಾಡ್ಯಾರ. ಗಟ್ಟಿ ಪುರಾವೆ ಇಲ್ಲ. ನಡದದ್ದಕ್ಕ ನಿದ್ದಿ ಬಂತೋ, ಮಣ್ಣಿಗೆ ಬಂತೋ, ಯಾರಿಗೆ ಗೊತ್ತು? ಆರೋಗ್ಯ ಇದ್ದೋರು ಸ್ವಚ್ಛ ಜಾಗದಾಗ ನಡದ್ರ ನಡೀಲಿ. ಆದ್ರ ಶುಗರಿಗೆ ಅದು ಔಷಧ ಅಲ್ಲ. ಶುಗರ್ ಇರೋರು ಬರಿಗಾಲಾಗ ಒಂದು ಹೆಜ್ಜಿನೂ ಇಡಬಾರದು. ದಿನಾ ಕನ್ನಡಿ ಹಿಡದು ಅಂಗಾಲು ನೋಡ್ಕೋಬೇಕು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಿದ್ದರಲ್ಲ ಹಿರಿಯರು. ಬೇಡ, ನಿಜ. ಅಂಗಾಲಿನ ಹುಣ್ಣಿಗೆ ಬೇಕು ಎಂದು ಅವರೂ ಹೇಳಿರಲಿಲ್ಲ. ಚಿತ್ತಮ್ಮ ಆಸ್ಪತ್ರೆಯ ಎದುರಿನ ಅಂಗಡಿಯಲ್ಲೇ ಒಂದು ಕೈಗನ್ನಡಿ ಕೊಂಡಳು.

ಮನೆಗೆ ಬಂದ ಮೇಲೆ ರಂಗನಾಥ್ ನೋಡಲು ಬಂದ, ಬಾಳೆಹಣ್ಣು ಹಿಡಿದುಕೊಂಡು, ಮಟ ಮಟ ಮಧ್ಯಾಹ್ನ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ. ಹೌದು, ಬೂಟು. ವಿಡಿಯೊ ಹಿಡಿಯುವಾಗ ಬಿಟ್ಟರೆ ಅವನ ಕಾಲಿಗೆ ಅದು ತಪ್ಪಿದ್ದಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಗೋಪಣ್ಣಗ ಸ್ವಲ್ಪ ನಂಬಿಕಿ ಕಮ್ಮಿ ಬಿತ್ತು ಅಕ್ಕಾರ," ಎಂದು ಶುರು ಮಾಡಿದ. "ಇನ್ನೊಂದು ವಾರ ತಡದಿದ್ರ..."

ಚಿತ್ತಮ್ಮ ಅವನನ್ನು ಮುಂದೆ ಹೋಗಗೊಡಲಿಲ್ಲ. "ಆ ವಿಡಿಯೊ ಅಳಿಸ್ರಿ."

"ನನ್ನ ಫೋನಾಗ ಅಳಿಸ್ಬಹುದು ಅಕ್ಕಾರ. ಆದ್ರ ಅದು ಎಲ್ಲಾ ಕಡಿ ಹೋಗೈತಿ. ಇನ್ನ ಯಾರ ಕೈಯಾಗೂ ಇಲ್ರಿ ಅದು."

ಅವಳು ಎದ್ದು ಹೋಗಿ ಬಾಗಿಲಲ್ಲಿದ್ದ ಅವನ ಬೂಟುಗಳನ್ನು ತಂದು ಒಳಗಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಳು. ಆಮೇಲೆ ಬಾಗಿಲು ತೋರಿಸಿ, "ಹೋಗ್ರಿ ಸಾರ್. ಭೂಮಿತಾಯಿ ಅವ್ಳೆ, ಕೈ ಬಿಡಲ್ಲ," ಎಂದಳು. ಬೇಸಿಗೆಯ ಡಾಂಬರು ರಸ್ತೆಯಲ್ಲಿ ಮ್ಯಾನೇಜರ್ ನೆರಳಿನಿಂದ ನೆರಳಿಗೆ ಕುಪ್ಪಳಿಸಿಕೊಂಡು ಹೋದದ್ದನ್ನು ಓಣಿಯ ಹೆಂಗಸರು ಯಂತ್ರ ನಿಲ್ಲಿಸಿ ನೋಡಿದರು. ಎಲ್ಲರೂ ನಕ್ಕರು. ಚಿತ್ತಮ್ಮ ನಗಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಇದು ಎಂದು ಅವಳಿಗೆ ಗೊತ್ತಿತ್ತು.

ಅದು ನಿಜವೂ ಆಯಿತು. ಗೋಪಣ್ಣ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಬೇರೆ ಯೂನಿಟ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಕತ್ತರಿಸುವ ಕೆಲಸಕ್ಕೆ ಸೇರಿದ್ದ. ಒಂದು ಬೆಳಿಗ್ಗೆ ತವರಿನಿಂದ ತಮ್ಮನ ಹೆಂಡತಿ ಗಂಗೋತ್ರಿ ಚಿತ್ತಮ್ಮನಿಗೆ ಒಂದು ವಿಡಿಯೊ ಕಳಿಸಿದಳು. ತೆರೆದರೆ ಇಸ್ತ್ರಿ ಅಂಗಿ, ತೀಡಿದ ಕ್ರಾಪು, ಮುಗಿದ ಕೈ. ಬೆರಳು ಕತ್ತರಿಸಿದ್ದನ್ನು ನಾಚಿಕೆಗೆ ತವರಿನವರಿಂದ ಮುಚ್ಚಿಟ್ಟಿದ್ದರು. ಏನೋ ಗಾಯವಾಗಿತ್ತು, ವಾಸಿಯಾಯಿತು ಎಂದಷ್ಟೇ ಹೇಳಿದ್ದರು. ವಿಡಿಯೊದ ಹಿಂದೆಯೇ ಗಂಗೋತ್ರಿಯ ದನಿ: "ಅಕ್ಕಾ, ಅಣ್ಣ ಎಷ್ಟು ಚೆನ್ನಾಗಿ ಹೇಳವ್ರೆ! ಅವ್ವನಿಗೂ ಶುಗರ್ ಅಲ್ವಾ, ಅಣ್ಣ ಹೇಳಿದ್ಮೇಲೆ ಚಪ್ಲಿ ಬಿಟ್ಟವ್ರೆ. ಈಗ ಉರಿ ಇಲ್ಲ ಅಂತಾರೆ."

ಚಿತ್ತಮ್ಮ ಫೋನನ್ನು ಗಂಡನ ಕಿವಿಗೆ ಹಿಡಿದಳು. ಇನ್ನೊಮ್ಮೆ ಹಾಕಿದಳು. "ಕೇಳಿಸ್ತಾ? ನಮ್ಮವ್ವನ ಉರಿನೂ ಹೋಯ್ತಂತೆ." ಗೋಪಣ್ಣ ಎದ್ದು ಅಂಗಿ ಹಾಕಿಕೊಂಡ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇನ್ನೊಂದು ಹತ್ತಿ, ಅಗಳಿಯಿಂದ ಆಟೋದಲ್ಲಿ ಹೋದರು. ದಾರಿಯುದ್ದಕ್ಕೂ ಅವಳು ಬೈಯುತ್ತಲೇ ಇದ್ದಳು. ರಂಗನಾಥನನ್ನು, ಫೋನು ಕಂಡುಹಿಡಿದವನನ್ನು, ತವರಿಗೆ ನಿಜ ಹೇಳದ ತನ್ನನ್ನು. ಮುಕ್ಕಾಲು ಪಾಲು ಗಂಡನನ್ನು. ಅವನು ಕಿಟಕಿಯಾಚೆ ಶೇಂಗಾ ಹೊಲ ನೋಡುತ್ತಾ ಕೂತಿದ್ದ.

ಪಾಲಮ್ಮ ಕುರಿದೊಡ್ಡಿಯ ಮುಂದೆ ಬರಿಗಾಲಲ್ಲಿ ಓಡಾಡುತ್ತಿದ್ದಳು. ಅಳಿಯನನ್ನು ಕಂಡವಳೇ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿಗ್ಗಿ ಹೇಳಿದಳು. "ಅಳಿಯಂದ್ರು ಹೇಳಿದ್ದು ಅಂತ ಬಿಟ್ಟೆ ಕಣವ್ವ. ನೀನು ಹೇಳಿದ್ರೆ ಬಿಡ್ತಿರಲಿಲ್ಲ."

ಚಿತ್ತಮ್ಮ ಬಾಯಿ ತೆರೆದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳವೆಲ್ಲ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗೋಪಣ್ಣ ಅವಳನ್ನು ದಾಟಿ ಮುಂದೆ ಹೋಗಿ, ಅತ್ತೆಯನ್ನು ಜಗಲಿಯ ಮೇಲೆ ಕೂರಲು ಹೇಳಿ, ತಾನು ಕೆಳಗೆ ಕೂತ. ಚೀಲದಿಂದ ಕೈಗನ್ನಡಿ ತೆಗೆದ. ಕೈ ಚಾಚಿ ಅತ್ತೆಯ ಪಾದ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ಅಯ್ಯೋ, ಅಳಿದೇವ್ರೆ! ಬಿಡ್ರಪ್ಪ, ಬಿಡ್ರಿ! ಪಾಪ ಬರ್ತೈತೆ!" ಪಾಲಮ್ಮ ಕಾಲು ಎಳೆದುಕೊಂಡಳು. ಅಳಿಯನ ಕಾಲು ತೊಳೆದು ಮಗಳನ್ನು ಕೊಟ್ಟ ಮನೆ ಅದು. ಅಳಿಯ ಅತ್ತೆಯ ಕಾಲು ಮುಟ್ಟಿದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ಗೋಪಣ್ಣ ತನ್ನ ಬಲಗಾಲಿನ ಚಪ್ಪಲಿ ಕಳಚಿ, ಕಾಲುಚೀಲ ಎಳೆದು ಪಕ್ಕಕ್ಕಿಟ್ಟ. ಎರಡು ಬೆರಳಿಲ್ಲದ ಪಾದವನ್ನು ಅತ್ತೆಗೆ ಕಾಣುವ ಹಾಗೆ ಚಾಚಿದ.

"ಪಾಪ ನನಗ ಆಗ್ಲೇ ಬಂದೈತಿ ಅತ್ತಿ," ಎಂದ. "ನಾ ಹೇಳಿದ್ದು ಸುಳ್ಳು. ಕಾಲು ಕೊಡ್ರಿ."

ಪಾಲಮ್ಮ ಆ ಪಾದವನ್ನೇ ನೋಡುತ್ತಾ ಕಾಲು ಕೊಟ್ಟಳು. ಅವನು ಕನ್ನಡಿ ಹಿಡಿದ. ಬೆರಳಲ್ಲಿ ತಡವಿಯೇ ಊರಿನವರ ಮುಳ್ಳೆಲ್ಲ ತೆಗೆದವಳ ಹಿಮ್ಮಡಿಯಲ್ಲಿ ಒಂದು ಜಾಲಿಮುಳ್ಳು ಮುರಿದು ಕಪ್ಪಗೆ ಕೂತಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಚಿತ್ತಮ್ಮ ಬೈಯಲಿಲ್ಲ. ದೊಡ್ಡಿಯ ಗೋಡೆಯ ಮೇಲೆ ಧೂಳು ಹಿಡಿದು ಬಿದ್ದಿದ್ದ ತಾಯಿಯ ಚಪ್ಪಲಿಗಳನ್ನು ತಂದು, ಸೆರಗಿನಿಂದ ಒರೆಸಿ, ಗಂಡನ ಕೈಗೆ ಕೊಟ್ಟಳು.